ಬಾಣಂತನ ಎಷ್ಟಾಯ್ತು?

ಭಾಗ್ಯಮ್ಮ ಜೀಪಿನ ಮುಂದೆ ಎರಡೂ ಕೈ ಚಾಚಿ ನಿಂತುಬಿಟ್ಟಳು.

"ನನ್ ಮೇಲೆ ಹತ್ತಿಸ್ಕೊಂಡ್ ಹೋಗಣ್ಣ, ಅದ್ಹೆಂಗ್ ಹೋಗ್ತೀಯೋ ನೋಡೇಬಿಡ್ತೀನಿ!"

ಡ್ರೈವರು ಎಂಜಿನ್ ಆರಿಸಿದ. ಐಸಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ನರ್ಸಮ್ಮ ತಲೆ ಹೊರಹಾಕಿದರು. "ಸಾವಿನ ಮನೆ ಮುಂದೆ ಹಠ ಮಾಡ್ಬೇಡ ಭಾಗ್ಯ. ಐಸು ಮೂರು ಗಂಟೆವರೆಗೆ ತಡೆಯತ್ತೆ, ಅಷ್ಟೇ. ಆಮೇಲೆ ಈ ಔಷಧಿಗೂ ನೀರಿಗೂ ವ್ಯತ್ಯಾಸ ಇಲ್ಲ."

"ನಾಳೆ ಬರ್ತೀರಾ?"

"ನಾಳೆ ಬೇರೆ ಊರು. ನಿಮ್ಮ ಪಾಳಿ ಇನ್ಯಾವಾಗ್ಲೋ."

ಪೀಣ್ಯದ ಕಾರ್ಖಾನೆಗಳ ಬೆನ್ನಿಗಿದ್ದ ಆ ಹಳೇ ಊರು, ಪಕ್ಕದ ತಗಡು ಮನೆಗಳ ಕಾಲೋನಿ, ಎರಡೂ ಸೇರಿ ಎರಡು ವರ್ಷದಿಂದ ಕಾಯುತ್ತಿದ್ದ ದಡಾರದ ಲಸಿಕೆ ಅದು. ಅದು ಬರುವ ದಿನವೇ ಸೂಲಗಿತ್ತಿ ಮಾರಕ್ಕ ಸಾಯಬೇಕೆ! ಲಸಿಕೆ ಹಾಕಬೇಕಿದ್ದುದು ಅವಳ ಮನೆಯ ಜಗಲಿಯಲ್ಲೇ, ಈಗ ಅದರ ಮೇಲೆ ಅವಳ ಹೆಣ. ಗಂಡ ಸತ್ತು ಮೂವತ್ತು ವರ್ಷ, ಮಕ್ಕಳಿಲ್ಲ. ಇದ್ದೊಬ್ಬ ತಮ್ಮ ಆವಲಪ್ಪ ಹೊಸಕೋಟೆಯಿಂದ ಎರಡು ಬಸ್ಸು ಬದಲಾಯಿಸಿ ಬರುವಷ್ಟರಲ್ಲಿ ಸಂಜೆಯಾಗುತ್ತದೆ.

"ಹೆಣ ಎತ್ತೋಗಂಟ ಊರಲ್ಲಿ ಒಲೆ ಹಚ್ಚಂಗಿಲ್ಲ, ಇವ್ಳು ಸೂಜಿ ಚುಚ್ಚುಸ್ತಾಳಂತೆ!" ಊರ ಯಜಮಾನ ಚಿಕ್ಕಮುನಿಯಪ್ಪ ಗುಡುಗಿದರು. "ಎಳೇ ಮಕ್ಳನ್ನ ಹೆಣದ ಮುಂದಕ್ಕೆ ತರ್ತಾರೇನಮ್ಮಿ? ದೋಷ ತಟ್ಟಲ್ವಾ?"

ಗಂಟೆ ಒಂದಾಗಿತ್ತು. ಭಾಗ್ಯಮ್ಮನಿಗೆ ಅಳಲೂ ಪುರಸೊತ್ತಿರಲಿಲ್ಲ.

*

ಎರಡು ವರ್ಷದ ಹಿಂದೆ, ಎಂಬತ್ತನಾಲ್ಕರಲ್ಲಿ, ಪಟ್ಟಣದ ಡಾಕ್ಟರುಗಳ ಆರೋಗ್ಯ ಸಮೀಕ್ಷೆಗೆಂದು ಭಾಗ್ಯಮ್ಮ ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಮನೆಮನೆ ಅಲೆದಿದ್ದಳು. ಎಸ್ಸೆಸ್ಸೆಲ್ಸಿ ಪಾಸಾದ ಬಿಂಕ ಬೇರೆ. ದಾರಿ ತೋರಿಸಲು ಜೊತೆಗೆ ಮಾರಕ್ಕ.

"ಮಕ್ಕಳೆಷ್ಟು?"

"ಎರಡು," ಎಂದಳು ಕಾಲೋನಿಯ ಅಂಜಿನಮ್ಮ.

ಹೀಗೆ ಇಪ್ಪತ್ತು ಮನೆ ಮುಗಿಯುವಷ್ಟರಲ್ಲಿ ಮಾರಕ್ಕ ಹಲಗೆಯನ್ನೇ ಕಿತ್ತುಕೊಂಡಳು. "ಥೂ, ನಿನ್ ಓದಿಗಿಷ್ಟು! ಮಕ್ಳೆಷ್ಟು ಅಂದ್ರೆ ಇರೋವ್ನ ಏಳ್ತಾರೆ. ತೀರೋದವು ಯಾರ್ ಲೆಕ್ಕಕ್ಕೆ? ಸತ್ತ ಮಗೀನ ಎಸ್ರು ಯಾವ ತಾಯಿ ಎತ್ತಾಳೆ?"

"ಮತ್ತೆ ಹೆಂಗ್ ಕೇಳೋದು?"

ಮಾರಕ್ಕ ಅಂಜಿನಮ್ಮನ ಹೊಸಿಲಿಗೇ ವಾಪಸು ಹೋಗಿ ಕೂತಳು. ಎಲೆಗೆ ಸುಣ್ಣ ಸವರುತ್ತಾ ಮೆಲ್ಲಗೆ ಕೇಳಿದಳು. "ಬಾಣಂತನ ಎಷ್ಟಾಯ್ತವ್ವ ನಿಂಗೆ?"

"ನಾಲ್ಕು," ಎಂದ ಅಂಜಿನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಇಬ್ಬರನ್ನು ಒಂದೇ ವಾರದಲ್ಲಿ ದಡಾರ ಒಯ್ದಿತ್ತು.

ಇಪ್ಪತ್ತು ಮನೆಯನ್ನೂ ಮೊದಲಿನಿಂದ ಸುತ್ತಿದರು. ಕಡೆಗೆ ಊರಿನಲ್ಲೂ ಕಾಲೋನಿಯಲ್ಲೂ ಸೇರಿ ಮೂವತ್ತೊಂದು ಮಕ್ಕಳು ಕಾಗದಕ್ಕೆ ಬಂದವು, ಎಲ್ಲಾ ಬದುಕಿಲ್ಲದವು. ಸಮೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮ ಆ ಹಾಳೆ ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಮೀಕ್ಷೆಯ ಕಾಗದದಲ್ಲಿದ್ದ ಪ್ರಶ್ನೆಯನ್ನೇ ಹೊಡೆದುಹಾಕಿ ಮಾರಕ್ಕನ ಮಾತನ್ನು ಅಚ್ಚು ಹಾಕಿಸಿದರು. ಆ ಲೆಕ್ಕ ಹಿಡಿದೇ ಅವರು ಕಚೇರಿ ಕಚೇರಿ ಅಲೆದು ಈ ಊರಿಗೆ ಲಸಿಕೆ ಮಂಜೂರು ಮಾಡಿಸಿದ್ದು. ಹೆಬ್ಬೆಟ್ಟಿನ ಮಾರಕ್ಕನಿಗೆ ಸಿಕ್ಕ ಸನ್ಮಾನ ಒಂದು ಲೋಟ ಕಾಫಿ. ಅದಕ್ಕೂ ಸಕ್ಕರೆ ಸಾಲದೆಂದು ಬೈದಿದ್ದಳು.

*

ಒಂದೂವರೆ. ಮೂರರವರೆಗೆ ಕಾಯುವಂತೆ ನರ್ಸಮ್ಮನನ್ನು ಒಪ್ಪಿಸಿ ಭಾಗ್ಯಮ್ಮ ಕಾಲೋನಿಗೆ ಓಡಿದಳು. ಬಾಗಿಲುಗಳ ಹಿಂದೆ ತಾಯಂದಿರು ಮಕ್ಕಳನ್ನು ಅವುಚಿಕೊಂಡು ನಿಂತಿದ್ದರು. ಅವಳಿಗೆ ದಾರಿಯಲ್ಲಿ ಜೋಡಿಸಿಕೊಂಡಿದ್ದ ಭಾಷಣವೆಲ್ಲ ಮರೆತುಹೋಗಿತ್ತು.

"ಮಾರಕ್ಕ ಹೋಗ್ಬಿಟ್ಲು ಕಣ್ರೇ," ಎಂದಷ್ಟೇ ಅಂದು ಬೀದಿಯ ನಡುವೆಯೇ ಗೊಳೋ ಎಂದು ಅತ್ತಳು. "ಜೀಪು ನಿಂತದೆ. ಮೂರ್ ಗಂಟೆಗೆ ಹೊರಟೋಗತ್ತೆ."

ಅಂಜಿನಮ್ಮ ಹತ್ತು ತಿಂಗಳ ಕೂಸನ್ನು ಸೊಂಟಕ್ಕೇರಿಸಿ ಹೊರಬಂದಳು, ನೇರ ಜಗಲಿಗೇ ನಡೆದಳು.

"ಲೇ, ದೋಷ ಕಣಮ್ಮಿ!" ಚಿಕ್ಕಮುನಿಯಪ್ಪ ಅಡ್ಡ ಬಂದರು.

"ಮಾರಕ್ಕನಿಂದ ದೋಷಾನಾ ಯಜಮಾನ್ರೇ?" ಅಂಜಿನಮ್ಮನ ದನಿ ಏರಿತು. "ಈ ಕೂಸನ್ನ ಭೂಮಿ ಮೇಲೆ ಮೊದ್ಲು ಮುಟ್ಟಿದ್ದು ಆ ಕೈ. ನಿಮ್ಮ ಮೊಮ್ಮಗಳ್ನ ಎತ್ಕೊಂಡಿದ್ದೂ ಅದೇ ಕೈ. ಅವಾಗಿಲ್ದ ದೋಷ ಇವಾಗ ಎಲ್ಲಿಂದ ಬಂತು? ಚುಚ್ಚಿ ನರ್ಸಮ್ಮ!"

ನರ್ಸಮ್ಮ ಚುಚ್ಚಿದರು. ಕೂಸು ಊರು ಹಾರಿಹೋಗುವಂತೆ ಕಿರುಚಿತು. ಆ ಕಿರುಚಿಗೆ ಕಾಲೋನಿಯ ಬಾಗಿಲುಗಳೆಲ್ಲ ತೆರೆದವು. ಊರ ಹೆಂಗಸರೂ ಬಂದರು. ಚಿಕ್ಕಮುನಿಯಪ್ಪನವರ ಸೊಸೆ ಮಾವನ ಮುಖವನ್ನೂ ನೋಡದೆ ಮಗಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತಳು. ಯಜಮಾನರು ಪಕ್ಕಕ್ಕೆ ಸರಿದು ನಿಂತರು. ಮೂರು ಗಂಟೆಗೆ ಸರಿಯಾಗಿ ಡಬ್ಬಿ ಬರಿದಾಯಿತು. ಭಾಗ್ಯಮ್ಮ ಮಾರಕ್ಕನ ತಣ್ಣನೆಯ ಪಾದ ಹಿಡಿದುಕೊಂಡು, "ಅರವತ್ತೆರಡು ಕಣವ್ವಾ! ಒಂದೂ ಬಿಡ್ಲಿಲ್ಲ!" ಎಂದು ಕೂಗಿಯೇ ಬಿಟ್ಟಳು.

ಸಂಜೆ ಚಟ್ಟ ಎತ್ತುವ ಹೊತ್ತಿಗೆ ತಾಯಂದಿರೆಲ್ಲ ಮಕ್ಕಳ ಸಮೇತ ಮತ್ತೆ ಬಂದು ಬೀದಿಯ ಎರಡೂ ಬದಿ ನಿಂತರು. ತಮಟೆಯ ಸದ್ದಿಗೆ ಒಂದು ಕೂಸು ಬೆಚ್ಚಿ ಅತ್ತಿತು, ಅದರ ಹಿಂದೆ ಇನ್ನೊಂದು, ಆಮೇಲೆ ಇಡೀ ಬೀದಿ. ಹೊಸಕೋಟೆಯಿಂದ ಆಗತಾನೇ ಬಂದಿದ್ದ ಆವಲಪ್ಪ ಚಟ್ಟಕ್ಕೆ ಹೆಗಲು ಕೊಟ್ಟವನು ಕಕ್ಕಾಬಿಕ್ಕಿಯಾದ.

"ನಮ್ಮಕ್ಕಂಗೆ ಮಕ್ಳೇ ಇರ್ಲಿಲ್ವಲ್ಲ. ಇಷ್ಟೊಂದ್ ಜನ ಅಳ್ತಾ ಇರೋರು ಯಾರು?"

ಕಿರುಚುತ್ತಿದ್ದ ಮೊಮ್ಮಗಳನ್ನು ಎದೆಗವುಚಿಕೊಂಡು, ಅವಳ ತೋಳಿನ ಹತ್ತಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಚಿಕ್ಕಮುನಿಯಪ್ಪ ಚಟ್ಟದ ಮುಂದೆ ದಾರಿ ಬಿಡಿಸುತ್ತಾ ನಡೆದರು.