ಒಂಟಿಕೈ ಮರಿ

ಆರು ಗಂಟೆಯ ಹಾಲಿಗೆ ಐದೂ ಕಾಲಿಗೇ ನೀರು ಕಾಯಲು ಇಡಬೇಕು. ತಾಯಿ ಸತ್ತ ಆನೆಮರಿಗಳನ್ನು ಸಾಕುವ ಆ ಕೇಂದ್ರದಲ್ಲಿ ಪಾಳಿ ಯಾರದ್ದೇ ಇರಲಿ, ಒಲೆಯ ಮುಂದೆ ನಿಂತಿರುತ್ತಿದ್ದವಳು ಅವಳೇ. ಪುಡಿ ಕಲಸಿ, ಗಂಟು ಒಡೆದು, ಸೋಸಿ, ಥರ್ಮಾಮೀಟರ್ ಅದ್ದಿ ನೋಡುತ್ತಿದ್ದಳು. ಅದರ ಮೇಲೆ ನಂಬಿಕೆ ಸಾಲದೆ ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟುಕೊಳ್ಳುತ್ತಿದ್ದಳು. ಮಣಿಕಟ್ಟನ್ನೂ ನಂಬದೆ ಮತ್ತೆ ಥರ್ಮಾಮೀಟರ್ ಅದ್ದುತ್ತಿದ್ದಳು. ಹೀಗಾಗಿ ಐವತ್ತು ದಾಟಿದ ಆ ಹೆಂಗಸಿನ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರಿಗೂ ಅವಳು ಥರ್ಮಾಮೀಟರಮ್ಮ.

"ಅಕ್ಕನಿಗೆ ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ಕೊಳಲ್ಲ, ಬಾಟಲಿ ಮುಟ್ಟಿ ನೋಡ್ಕೋತಾಳೆ," ಎಂದು ಜೊತೆಯ ಪಾಲಕ ನಗಿಸುತ್ತಿದ್ದ. ಅವನನ್ನು ಎಲ್ಲರೂ ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ಆರು ವರ್ಷವಾಗಿದ್ದರೂ ಹೆಸರು ಉದುರಿರಲಿಲ್ಲ.

ಅಲ್ಲಿ ಆರು ಕೊಟ್ಟಿಗೆ, ಆರು ಮರಿ. ತಾಯಿಯ ಹೊಟ್ಟೆಗೆ ಸೊಂಡಿಲು ಆನಿಸಿಕೊಂಡು ಕುಡಿಯುವ ಜಾತಿ ಅದು. ಅದಕ್ಕೆಂದು ಕೊಟ್ಟಿಗೆಗೊಂದು ಬೂದು ಕಂಬಳಿಯನ್ನು ಹಗ್ಗಕ್ಕೆ ಇಳಿಬಿಟ್ಟಿದ್ದರು. ಪಾಲಕರು ಕಂಬಳಿಯ ಹಿಂದೆ ನಿಂತು ಕೆಳಗಿನಿಂದ ಬಾಟಲಿ ಚಾಚಬೇಕು. ಮರಿಗೆ ಮುಖ ಕಾಣುವುದಿಲ್ಲ. ಆದರೆ ಯಾರು ನಿಂತಿದ್ದಾರೆಂದು ಸೊಂಡಿಲಿಗೆ ಚೆನ್ನಾಗಿ ಗೊತ್ತಾಗುತ್ತದೆ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಮೂರು ಗಂಟೆಗೊಮ್ಮೆ ಹಾಲು. ಕುಡಿಸಿದ ಮೇಲೆ ಗೋಡೆಯ ಪಟ್ಟಿಯಲ್ಲಿ ಬರೆಯಬೇಕು: ಹೊತ್ತು, ಎಷ್ಟು ಕುಡಿಯಿತು, ಸಗಣಿ ಹೇಗಿತ್ತು. ಪಟ್ಟಿಯ ಕೊನೆಯ ಅಂಕಣದ ತಲೆಯ ಮೇಲೆ 'ಕೈ' ಎಂದಿತ್ತು. ಅಲ್ಲಿ ಕುಡಿಸಿದವರ ಹೆಸರಿನ ಮೊದಲ ಅಕ್ಷರ.

ಆ ಕೇಂದ್ರದಲ್ಲಿ ಎಲ್ಲಕ್ಕಿಂತ ದೊಡ್ಡ ನಿಯಮ ಇದ್ದದ್ದು ಆ ಅಂಕಣದಲ್ಲೇ. ಮರಿ ಎರಡು ವಾರ ಬಿಡದೆ ಮೂರು ಬೇರೆ ಬೇರೆ ಕೈಗಳಿಂದ ಕುಡಿಯಬೇಕು. ಹಾಗೆ ಕುಡಿದ ಮರಿಯನ್ನು ಎರಡು ದಿನದ ದಾರಿಯಲ್ಲಿರುವ ಕಾಡಂಚಿನ ಶಿಬಿರಕ್ಕೆ ಕಳಿಸುತ್ತಿದ್ದರು. ಅಲ್ಲಿ ದೊಡ್ಡ ಮರಿಗಳ ಜೊತೆ ಬೆರೆಯಲಿ ಅಂತ. ಒಬ್ಬರ ಕೈಗೇ ಅಂಟಿಕೊಂಡದ್ದನ್ನು 'ಒಂಟಿಕೈ ಮರಿ' ಎನ್ನುತ್ತಿದ್ದರು. ಹಾಗಾಯಿತೆಂದು ತಿಳಿದರೆ ಆ ಪಾಲಕರನ್ನು ತಕ್ಷಣ ಬೇರೆ ಕೊಟ್ಟಿಗೆಗೆ ಹಾಕುತ್ತಿದ್ದರು.

ಮೂರನೇ ಕೊಟ್ಟಿಗೆಯ ತೂತುಕಿವಿ ಬಂದಾಗ ಅವನಿಗೆ ಮೂರು ತಿಂಗಳೂ ತುಂಬಿರಲಿಲ್ಲ. ಎಡಗಿವಿಯಲ್ಲಿ ಬೆರಳು ತೂರುವಷ್ಟು ತೂತು. ಎರಡು ದಿನ ಯಾರ ಬಾಟಲಿಗೂ ಬಾಯಿ ಹಾಕಲಿಲ್ಲ. ಡಾಕ್ಟರ್ ಆಸೆ ಬಿಟ್ಟು ಕೈ ತೊಳೆಯುವಾಗ ಥರ್ಮಾಮೀಟರಮ್ಮ ಸುಮ್ಮನೆ ಬೆರಳು ಕೊಟ್ಟಳು. ಅವನು ಬೆರಳನ್ನು ಬಾಯಿಗೆಳೆದುಕೊಂಡ, ಬೆರಳಿನ ಹಿಂದೆಯೇ ಬಾಟಲಿಯೂ ಹೋಯಿತು. "ನಿಮ್ಮ ಕೈಯಲ್ಲಿ ಏನೋ ಇದೆ," ಅಂದಿದ್ದರು ಡಾಕ್ಟರ್. ಎಷ್ಟೋ ಜನರಿಗೆ ಎಷ್ಟೋ ಸಲ ಹೇಳುವಂಥ ಮಾತು. ಅವಳಿಗೆ ಮಾತ್ರ ಅದುವರೆಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಶುರುವಾಯಿತು. ಮೀಸೆ ಬಾಟಲಿ ಹಿಡಿದರೆ ತೂತುಕಿವಿ ಮುಖ ತಿರುಗಿಸುತ್ತಿದ್ದ. "ಅಕ್ಕಾ, ನಿಮ್ಮ ಮಗರಾಯ ಕರೀತಿದ್ದಾನೆ ನೋಡಿ!" ಎಂದು ಮೀಸೆ ಕೂಗುತ್ತಿದ್ದ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದಳು. ಮೀಸೆ ಚಹಾಕ್ಕೆ ಹೋಗುತ್ತಿದ್ದ. ರಜೆಯ ದಿನವೂ ಅವಳು ಬಸ್ಸು ಹಿಡಿದು ಬರುತ್ತಿದ್ದಳು. ಮೊದಲ ಸಲ ಪಟ್ಟಿಯ 'ಕೈ' ಅಂಕಣದಲ್ಲಿ ತನ್ನ ಅಕ್ಷರದ ಬದಲು ಮೀಸೆಯ ಅಕ್ಷರ ಬರೆದಾಗ, ಇವತ್ತೊಂದು ದಿನ ಅಷ್ಟೇ, ನಾಳೆ ಅವನೇ ಕುಡಿಸುತ್ತಾನೆ ಎಂದುಕೊಂಡಳು. ಆಮೇಲಾಮೇಲೆ ಎರಡು ಹೊತ್ತು ಮೀಸೆಯದು, ಎರಡು ಹೊತ್ತು ಸಂಜೆಪಾಳಿಯವನದು, ಉಳಿದದ್ದು ತನ್ನದು ಎಂದು ಹಂಚಿ ಬರೆಯುವುದು ಅಭ್ಯಾಸವೇ ಆಯಿತು. ಅಕ್ಷರಗಳನ್ನು ಮೂರು ಬಗೆಯಲ್ಲಿ ಓರೆ ಮಾಡುತ್ತಿದ್ದಳು. ಮೀಸೆಗೆ ಗೊತ್ತಿತ್ತು. ಸಂಜೆಪಾಳಿಯವನಿಗೂ ಗೊತ್ತಿತ್ತು. ಬಿಟ್ಟಿ ವಿರಾಮ ಯಾರಿಗೆ ಬೇಡ?

ಒಂದು ಸೋಮವಾರ ಬೆಳಿಗ್ಗೆ ಮೇಲ್ವಿಚಾರಕಿ ಗೋಡೆಗೆ ಚೀಟಿ ಅಂಟಿಸಿದರು. ಗುರುವಾರ ಲಾರಿ ಬರುತ್ತದೆ, ತೂತುಕಿವಿ ಶಿಬಿರಕ್ಕೆ ಹೋಗುತ್ತಾನೆ.

"ಪಟ್ಟಿ ಇಷ್ಟು ಚೆನ್ನಾಗಿರೋ ಮರಿ ಇನ್ನೊಂದಿಲ್ಲ," ಎಂದರು ಮೇಲ್ವಿಚಾರಕಿ. ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ನಗುವುದು ಕಡಿಮೆ, ಅವತ್ತು ನಕ್ಕರು. "ಎಲ್ಲರ ಕೈಯಲ್ಲೂ ಸಮ ಸಮ ಕುಡಿದಿದ್ದಾನೆ. ನಿಮ್ಮನ್ನ ನೋಡಿ ಉಳಿದವರು ಕಲೀಬೇಕಮ್ಮ."

ಅವಳು ಆಗಲೇ ಹೇಳಬೇಕಿತ್ತು. "ಹೂಂ ಮೇಡಂ," ಅಂದಳು.

ಶಿಬಿರದಲ್ಲಿ ಅವಳಿರುವುದಿಲ್ಲ. ಎರಡು ದಿನ ಲಾರಿಯಲ್ಲಿ ಅವನು ಬಾಯಿ ಬಿಡದಿದ್ದರೆ ಮೂರನೇ ದಿನ ಬಿಡಲು ಬಾಯಿಯೇ ಇರುವುದಿಲ್ಲ. ಅಷ್ಟು ಲೆಕ್ಕ ಅಲ್ಲಿ ಕಸ ಗುಡಿಸುವವನಿಗೂ ಗೊತ್ತು. ಅವಳು ಮೀಸೆಯನ್ನು ಹುಲ್ಲಿನ ಮನೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಮೂರು ದಿನ ಇದೆ. ನೀನೇ ಕುಡಿಸ್ಬೇಕು."

"ನಾನಾ? ನನ್ನ ಕಂಡ್ರೆ ಬೆನ್ನು ತೋರಿಸ್ತಾನೆ ಅಕ್ಕ. ನಮ್ಮತ್ತೆ ಮನೇಲೂ ನನಗೆ ಇಷ್ಟು ಮರ್ಯಾದೆ ಇಲ್ಲ."

"ತಮಾಷೆ ಬೇಡ ಕಣೋ. ಸತ್ತುಹೋಗ್ತಾನೆ."

ಮೀಸೆ ತಮಾಷೆ ಬಿಟ್ಟ. ಒಂಬತ್ತರ ಹಾಲಿಗೆ ನಿಂತ. ತೂತುಕಿವಿ ಕಂಬಳಿ ಮೂಸಿ, ಹಿಂದೆ ಸರಿದು, ಕಿರುಚಿದ. ಐದು ನಿಮಿಷವಾಗಿರಬಹುದು. ಬೇಲಿಯ ಆಚೆ ನಿಂತಿದ್ದ ಅವಳಿಗೆ ಆ ಕೂಗು ತಡೆಯಲಾಗಲಿಲ್ಲ. ಒಳಗೆ ನುಗ್ಗಿ ಬಾಟಲಿ ಕಿತ್ತುಕೊಂಡಳು. ಹನ್ನೆರಡಕ್ಕೂ ಹಾಗೆಯೇ. ಮಂಗಳವಾರವೂ ಹಾಗೆಯೇ. ಬುಧವಾರ ಸಂಜೆಪಾಳಿಯವನನ್ನು ಬೇಡಿಕೊಂಡಳು, ಅಲ್ಲಿಯೂ ಅದೇ ಕತೆ. ಪ್ರತಿ ಸಲವೂ ಇನ್ನು ಒಂದು ನಿಮಿಷ ಎಂದು ಹಲ್ಲು ಕಚ್ಚಿ, ಆ ನಿಮಿಷ ಮುಗಿಯುವ ಮೊದಲೇ ಓಡಿದಳು.

ಬುಧವಾರ ಮನೆಗೆ ಹೋದಾಗ ಗಂಡ ಕಿಟಕಿಯ ಬಳಿ ಕೂತು ಯಾರದ್ದೋ ಬೀಗಕ್ಕೆ ಕೀಲಿ ಉಜ್ಜುತ್ತಿದ್ದ. ಕೀಲಿ ಮಾಡುವುದು ಅವನ ಕಸುಬು.

"ರೀ, ನಾಳೆ ನಾನು ಬಾಯಿ ಬಿಟ್ರೆ ಕೆಲಸ ಹೋಗತ್ತೆ," ಅಂದಳು.

ಅವನು ಅರ ಕೆಳಗಿಡಲಿಲ್ಲ. "ಬಾಯಿ ಬಿಡದಿದ್ರೆ?"

"ಅವನು ಹೋಗ್ತಾನೆ."

"ಶಿಬಿರಕ್ಕಾ, ಮೇಲಕ್ಕಾ?"

ಅವಳು ಅತ್ತಳು. ಅವನು ಕೀಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಮತ್ತೆ ನನ್ನನ್ನೇನು ಕೇಳ್ತೀಯ? ಸೋಮವಾರದಿಂದ ಗೊತ್ತಿತ್ತಲ್ಲ ನಿನಗೆ," ಎಂದ. ಕೆಟ್ಟ ಮನುಷ್ಯನಲ್ಲ. ನಿಜ ಹೇಳುವಾಗ ಮಾತ್ರ ಅವನಿಗೆ ಮೆತ್ತಗೆ ಹೇಳಲು ಬರುತ್ತಿರಲಿಲ್ಲ.

ಗುರುವಾರ ಎಂಟು ಗಂಟೆಗೆ ಲಾರಿ ಹಿಂದೆ ಹಿಂದೆ ಬಂದು ಮೂರನೇ ಕೊಟ್ಟಿಗೆಗೆ ಬೆನ್ನು ತಗುಲಿಸಿತು. ಹಲಗೆ ಇಳಿಸಿದರು. ತೂತುಕಿವಿ ಅವಳ ಅಂಗಿಯ ತುದಿ ಸೊಂಡಿಲಲ್ಲಿ ಹಿಡಿದುಕೊಂಡಿದ್ದ. ಮೇಲ್ವಿಚಾರಕಿ ಕಾಗದಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದಾಗ ಅವಳು ಹೇಳಿದಳು. ಎಲ್ಲರೆದುರು, ಚಾಲಕನ ಎದುರು, ಒಂದೇ ಉಸಿರಿಗೆ.

"ಎಷ್ಟು ದಿನದಿಂದ?" ಎಂದರು ಮೇಲ್ವಿಚಾರಕಿ.

"ಮೊದಲಿಂದ ಮೇಡಂ."

ಅವರು ಮೀಸೆಯ ಕಡೆ ನೋಡಿದರು. ಮೀಸೆ ಇಲ್ಲದ ಮೀಸೆಯನ್ನು ತಿರುವಿ, ನೆಲ ನೋಡಿದ. ಪೆನ್ನಿಗೆ ಮುಚ್ಚಳ ಬಿತ್ತು. ಲಾರಿ ಖಾಲಿ ಹೋಯಿತು. ಮತ್ತೆ ಅದು ಬರುವುದು ಹದಿನೈದು ದಿನಕ್ಕೆ.

"ಇವತ್ತಿಂದ ನೀವು ಅವನಿಗೆ ಕಾಣಿಸಬಾರದು, ಕೇಳಿಸಬಾರದು," ಎಂದರು ಅವರು. "ಹಾಲಿನ ಪುಡಿ ಇಡೋ ಕೋಣೇಲಿರಿ. ಅವನು ಎಷ್ಟೇ ಕೂಗಲಿ. ಬಾಗಿಲು ತೆಗೆದ್ರೆ ಅವತ್ತೇ ಮನೆಗೆ."

ಅವಳು ಪುಡಿಯ ಚೀಲಗಳ ನಡುವೆ ಕೂತಳು. ಒಂಬತ್ತರ ಕೂಗು ಕೇಳಿದಳು, ಹನ್ನೆರಡರ ಕೂಗು ಕೇಳಿದಳು. ಎರಡು ಸಲವೂ ಎದ್ದು ಚಿಲಕ ಮುಟ್ಟಿ ವಾಪಸು ಬಂದು ಕೂತಳು.

ಹನ್ನೆರಡೂವರೆಗೆ ಪಕ್ಕದ ಆಫೀಸಿನಲ್ಲಿ ಫೋನು ಹೊಡೆದುಕೊಂಡಿತು. ನಡುವೆ ಇದ್ದದ್ದು ಹಲಗೆಯ ಗೋಡೆ, ಪ್ರತಿ ಮಾತೂ ಈಚೆ ಬರುತ್ತಿತ್ತು. ರೈಲು ಹಳಿಯ ಪಕ್ಕ ತಾಯಿ ಸತ್ತು ಬಿದ್ದಿದೆಯಂತೆ. ಮರಿ ಎರಡೇ ತಿಂಗಳದ್ದು, ಹೆಣ್ಣು, ಕಾಲು ಸರಿಯಾಗಿದೆ, ನೀರು ಕುಡಿಯುತ್ತಿದೆ.

"ಇವತ್ತೇ ತರಬಹುದಿತ್ತು," ಎಂದರು ಮೇಲ್ವಿಚಾರಕಿ. "ಕೊಟ್ಟಿಗೆ ಖಾಲಿ ಇಲ್ವಲ್ಲ ಡಾಕ್ಟರ್."

"ಬೇರೆಯವುಗಳ ಜೊತೆ ಹಾಕೋ ಹಾಗಿಲ್ಲ. ಅದು ಏನು ಸೋಂಕು ಹೊತ್ತು ತಂದಿರತ್ತೋ, ಆರಕ್ಕೆ ಆರೂ ಮಲಗಿಬಿಡ್ತವೆ. ಬಯಲಲ್ಲಿ ಕಟ್ಟಿದ್ರೆ ರಾತ್ರಿ ಚಳಿಗೆ ಉಳಿಯಲ್ಲ."

"ಹಾಗಾದ್ರೆ?"

"ನಾನೇ ಅಲ್ಲಿಗೆ ಹೋಗ್ತೀನಿ. ಟಾರ್ಪಾಲು ಕಟ್ಟಿ ನೋಡೋಣ. ನಾಳೆಯೊಳಗೆ ಇಲ್ಲೊಂದು ಗೋಡೆ ಎಬ್ಬಿಸಿ."

ಕೊಟ್ಟಿಗೆ ಖಾಲಿ ಇಲ್ಲ ಎಂದ ಮಾತಿನಲ್ಲಿ ಯಾರೂ ಅವಳ ಹೆಸರೆತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಅವಳು ಚೀಲಗಳ ಮೇಲೆ ಕೂತು ಮನಸ್ಸಿನಲ್ಲೇ ಗೋಡೆ ಕಟ್ಟತೊಡಗಿದಳು: ಎಷ್ಟು ಹಲಗೆ, ಎಷ್ಟು ಮೊಳೆ, ಎಷ್ಟು ಜನ.

ಮೂರರ ಹಾಲನ್ನೂ ತೂತುಕಿವಿ ಮುಟ್ಟಲಿಲ್ಲ. ಆರಕ್ಕೆ ಮೀಸೆಯ ದನಿ ಕೇಳಿತು. "ಕೂಗೋ, ಕೂಗು. ನಾನೇನು ಹೋಗಲ್ಲ. ನನಗೂ ಮನೇಲಿ ಕೂಗೋರು ಇದ್ದಾರೆ, ಅಭ್ಯಾಸ ಇದೆ." ಕೂಗು ಏರಿತು. ಇಳಿಯಿತು. ಗೊರಗೊರ ಆಯಿತು. ಆಮೇಲೆ ಸದ್ದಿಲ್ಲ. ಅವಳು ಬಾಗಿಲ ಹಲಗೆಯ ಸಂದಿಗೆ ಕಣ್ಣಿಟ್ಟಳು. ಕಂಬಳಿಯ ಕೆಳಗೆ ಬಾಟಲಿ ಓರೆಯಾಗಿತ್ತು. ಒಳಗಿನ ಹಾಲು ಗುಟುಕು ಗುಟುಕಾಗಿ ಇಳಿಯುತ್ತಿತ್ತು. ಎರಡನೇ ಬಾಟಲಿಯೂ ಖಾಲಿಯಾಯಿತು.

ಇಪ್ಪತ್ತೈದು ನಿಮಿಷ. ಅವನಿಗೆ ಬೇಕಾಗಿದ್ದದ್ದು ಅಷ್ಟೇ.

ಮೀಸೆ ಪುಡಿಯ ಕೋಣೆಯ ಬಾಗಿಲು ನೂಕಿ ಒಳಗೆ ಬಂದ. ಮುಖದ ತುಂಬ ಬೆವರು, ಬಾಯಿ ತುಂಬ ನಗು. "ಕುಡಿದ ಅಕ್ಕ! ಪೂರ್ತಿ ಕುಡಿದ!" ಅವಳು ನಗದಿದ್ದದ್ದನ್ನು ನೋಡಿ ಚೀಲದ ಮೇಲೆ ಕೂತ. "ನಿಜ ಹೇಳ್ಲಾ? ಇಷ್ಟು ದಿನ ಯಾರೂ ಐದು ನಿಮಿಷದ ಮೇಲೆ ನಿಂತಿರಲಿಲ್ಲ. ನಿಂತಿದ್ರೆ ಯಾವತ್ತೋ ಕುಡೀತಿದ್ದ ಅನ್ಸತ್ತೆ. ನೀವಿದ್ರಲ್ಲ, ಕರೆದ್ರೆ ಬರ್ತಿದ್ರಿ. ನಮಗೂ ಆರಾಮ."

"ಸೋಮವಾರ?" ಎಂದಳು ಅವಳು.

"ಸೋಮವಾರ ಏನು?"

"ಸೋಮವಾರ ನಾನು ಬಾಟಲಿ ಕಿತ್ಕೊಳ್ದೇ ಇದ್ದಿದ್ರೆ?"

ಉತ್ತರವನ್ನು ಅವಳೇ ಕೊಟ್ಟುಕೊಂಡಳು. ಸೋಮವಾರ ಕಿತ್ತುಕೊಳ್ಳದೇ ಇದ್ದಿದ್ದರೆ ಸೋಮವಾರ ಸಂಜೆಗೇ ಅವನು ಕುಡಿಯುತ್ತಿದ್ದ. ಗುರುವಾರ ಹೊರಡುತ್ತಿದ್ದ. ಗುರುವಾರ ತಾನು ಬಾಯಿ ಬಿಡದೇ ಇದ್ದಿದ್ದರೂ ಲಾರಿಯಲ್ಲಿ ಯಾರೋ ಒಬ್ಬ ಇಪ್ಪತ್ತೈದು ನಿಮಿಷ ನಿಲ್ಲುತ್ತಿದ್ದ, ಅಲ್ಲಿಯೂ ಕುಡಿಯುತ್ತಿದ್ದ. ಎಲ್ಲ ದಾರಿಯಲ್ಲೂ ಕೊಟ್ಟಿಗೆ ಖಾಲಿಯಾಗುತ್ತಿತ್ತು. ಅವಳು ಬಾಯಿ ಬಿಡಲು ಆರಿಸಿಕೊಂಡ ಹೊತ್ತೊಂದರಲ್ಲಿ ಮಾತ್ರ ಆಗಲಿಲ್ಲ.

ಮರುದಿನ ಹಗಲೆಲ್ಲ ಬಡಗಿಗಳು ಹಲಗೆ ಬಡಿದರು. ಅವಳೂ ಮೊಳೆ ಎತ್ತಿಕೊಟ್ಟಳು. ನಾಲ್ಕು ಗಂಟೆಗೆ ಡಾಕ್ಟರ್ ಜೀಪು ಬಂತು. ಹಿಂದಿನ ಸೀಟಿನಲ್ಲಿ ಟಾರ್ಪಾಲು ಮಡಚಿ ಇಟ್ಟಿತ್ತು, ಅದರ ಮೇಲೆ ತುಂಬಿದ ಬಾಟಲಿಗಳು. ಡಾಕ್ಟರ್ ಬಡಗಿಗಳಿಗೆ, "ಆತುರ ಇಲ್ಲ, ನಿಧಾನ ಮಾಡಿ," ಅಂದರು.

ಅವಳು ಮೇಲ್ವಿಚಾರಕಿಯ ಮೇಜಿನ ಮುಂದೆ ಹೋಗಿ ನಿಂತಳು. ಬೈಯಲಿ, ಕಳಿಸಲಿ, ಏನಾದರೂ ಮಾಡಲಿ ಎಂದು ಕಾದಳು.

"ನಿಮ್ಮನ್ನ ತೆಗೆದ್ರೆ ಹಾಲಿನ ಬಿಸಿ ನೋಡೋರು ಯಾರು?" ಎಂದರು ಅವರು, ತಲೆಯೆತ್ತದೆ. "ಜನ ಇಲ್ಲ ನನ್ನ ಹತ್ರ. ಎರಡನೇ ಕೊಟ್ಟಿಗೆ ನೋಡ್ಕೊಳಿ."

"ಮೇಡಂ, ಆ ಹೆಣ್ಣುಮರಿ ಸತ್ತಿದ್ದು ನನ್ನಿಂದ..."

"ಅಮ್ಮ, ಹೋಗಿ. ಆರರ ಹಾಲಿಗೆ ಹೊತ್ತಾಯ್ತು."

ಅಷ್ಟೇ. ಶಿಕ್ಷೆಯನ್ನೂ ಅವಳೇ ಎಲ್ಲಿಂದಾದರೂ ಹೊಂದಿಸಿಕೊಳ್ಳಬೇಕಾಯಿತು.

ಎರಡನೇ ಕೊಟ್ಟಿಗೆಯದು ಸಣ್ಣ ಮರಿ, ಬಂದು ತಿಂಗಳಾಗಿರಲಿಲ್ಲ. ಅವಳು ಕಂಬಳಿಯ ಹಿಂದೆ ನಿಂತು ಬಾಟಲಿ ಚಾಚಿದಳು. ಕುಡಿಯಿತು. ಕುಡಿದಾದ ಮೇಲೆ ಕಂಬಳಿಯ ಅಂಚನ್ನು ಸರಿಸಿಕೊಂಡು ಬಂದ ಎಳೆ ಸೊಂಡಿಲು ಅವಳ ಅಂಗೈಯನ್ನು ಮೂಸಿತು, ಬೆರಳುಗಳನ್ನು ಒಂದೊಂದಾಗಿ ತಡಕಿತು. ಇನ್ನೂ ಒದ್ದೆಯಾಗಿದ್ದ ಬಾಯಿ ತೆರೆದುಕೊಂಡಿತು.

ಅವಳು ಕೈಯನ್ನು ಹಿಂದಕ್ಕೆಳೆದು ಅಂಗಿಯ ಜೇಬಿನೊಳಗೆ ಹಾಕಿಕೊಂಡಳು. ಸೊಂಡಿಲು ಜೇಬಿನವರೆಗೂ ಬಂತು. ಅವಳು ಮುಷ್ಟಿ ಬಿಗಿಹಿಡಿದು, ಮೀಸೆಯನ್ನು ಕರೆದು, ಮುಂದಿನ ಹೊತ್ತು ನೀನು ನಿಲ್ಲು ಎಂದು ಹೇಳಿ ಹೊರಗೆ ಬಂದಳು. ಹಿಂದೆ ಅದು ಕೂಗತೊಡಗಿತು.