ಶುಕ್ರವಾರದ ಮೂಲೆ

ರಂಗೂನು ತೋರಿಸಿ ಎಂದು ಥಂದಾ ಅಪ್ಪ ಅಮ್ಮನ ತಲೆ ತಿನ್ನಲು ಶುರುಮಾಡಿ ವರ್ಷಗಳೇ ಆಗಿದ್ದವು. ಪ್ರತಿ ಸಲವೂ ಅವಳಮ್ಮ ಮಾ ಸ್ವೇ ಏನಾದರೊಂದು ನೆಪ ಹೇಳುತ್ತಿದ್ದಳು: ನಾಟಿ ಇದೆ, ಹಂದಿ ಮರಿ ಹಾಕಿದೆ, ಸೊಂಟ ಹಿಡಿದಿದೆ. ಸೊಂಟಕ್ಕೇನಾಗಿತ್ತು, ಕಲ್ಲುಗುಂಡಿನ ಹಾಗಿತ್ತು! ಅವಳಿಗೆ ಭಯವಿದ್ದದ್ದು ಶ್ವೇದಗೋನ್ ಪಗೋಡದ್ದು. ರಂಗೂನಿಗೆ ಹೋದವರು ಸಂಜೆ ಅದನ್ನು ಹತ್ತದೆ ವಾಪಸು ಬರುವುದುಂಟೆ?

ಈ ಸಲ ನೆಪ ನಡೆಯಲಿಲ್ಲ. ಮಳೆಗಾಲದಲ್ಲಿ ಥಂದಾ ಜ್ವರ ಹಿಡಿದು ಮಲಗಿ, ಇನ್ನೇನು ಕೈಬಿಟ್ಟು ಹೋದಳು ಎನ್ನುವಂತಾಗಿ, ಹೇಗೋ ಎದ್ದು ಕೂತಿದ್ದಳು. ಸಾವಿನ ಬಾಯಿಂದ ಬಂದ ಹುಡುಗಿ ಕೇಳಿದ್ದಕ್ಕೆ ಇಲ್ಲ ಎನ್ನಲು ಯಾವ ತಾಯಿಗೆ ಮನಸ್ಸು ಬರುತ್ತದೆ? ಊರವರು ಸೇರಿ ಗೊತ್ತುಮಾಡಿದ ಬಸ್ಸಿನಲ್ಲಿ ಕೋಳಿ ಕೂಗುವ ಮೊದಲೇ ಮೂವರೂ ಹತ್ತಿ ಕೂತರು.

ಪೇಟೆ ಮುಟ್ಟಿದ ಕೂಡಲೇ ಎಲ್ಲರೂ ರಸ್ತೆ ಬದಿಯ ಗಿಡ್ಡ ಸ್ಟೂಲುಗಳ ಮೇಲೆ ಕೂತು ಮೀನುಸಾರಿನ ಶಾವಿಗೆ ತಿಂದರು. ಮೃಗಾಲಯದಲ್ಲಿ ಥಂದಾ ಆನೆಗೆ ಕಬ್ಬು ಕೊಟ್ಟಳು. ದೊಡ್ಡ ಅಂಗಡಿಯಲ್ಲಿ ಓಡುವ ಮೆಟ್ಟಿಲ ಮುಂದೆ ಅಪ್ಪ ಕೋ ಬಾ ಥಿನ್ ಲುಂಗಿ ಎತ್ತಿ ಹಿಡಿದುಕೊಂಡು ನಿಂತೇಬಿಟ್ಟ. ಕೋಣಗಳನ್ನು ಪಳಗಿಸುವ ಗಂಡಸು ಮೆಟ್ಟಿಲಿಗೆ ಹೆದರಿದ್ದನ್ನು ಕಂಡು ಮಗಳು ನಕ್ಕು ನಕ್ಕು ಸುಸ್ತಾದಳು. ಬಸ್ಸಿನಲ್ಲಿ ಬಂದಿದ್ದ ಮುದುಕಿಯೊಬ್ಬಳು ಅವಳ ತಲೆ ಸವರಿ, "ನಿಂಗೆ ಹದಿಮೂರಾ? ನಮ್ಮನೇಲಿ ಹತ್ತು ವರ್ಷದ್ದೇ ನಿನಗಿಂತ ಎತ್ತರ ಇದೆ ಕಣೇ" ಎಂದು ಛೇಡಿಸಿದಳು. ಯಾರು ಈ ಮಾತು ಆಡಿದರೂ ಮಾ ಸ್ವೇ ಮಾತನ್ನು ಬೇರೆಡೆಗೆ ತಿರುಗಿಸಿಬಿಡುತ್ತಿದ್ದಳು.

ಏಕೆಂದರೆ ಹದಿಮೂರು ತುಂಬಬೇಕಾದವಳು ಇವಳಲ್ಲ. ಕಡಲು ಊರೊಳಗೆ ನುಗ್ಗಿದ ಆ ಬಿರುಗಾಳಿಯ ವರ್ಷ ಅವಳ ಹೆತ್ತ ಮಗಳು, ನಿಜವಾದ ಥಂದಾ, ಕೈಯಿಂದ ಜಾರಿ ಹೋಗಿತ್ತು. ಬದುಕಿದವರೆಲ್ಲ ಸೇರಿದ್ದ ವಿಹಾರದಲ್ಲಿ, ಯಾರದೆಂದು ಯಾರಿಗೂ ಗೊತ್ತಿಲ್ಲದ ಇನ್ನೂ ಸಣ್ಣ ಕೂಸೊಂದು ತಾನಾಗಿ ಬಂದು ಅವಳ ಮಡಿಲಲ್ಲಿ ಮಲಗಿತು. ಮಗುವಿನ ಹೆಸರೇನು ಎಂದು ಭಿಕ್ಷುಗಳು ಕೇಳಿದಾಗ ಬಾಯಿಗೆ ಬಂದದ್ದು ಅದೊಂದೇ ಹೆಸರು. ಹೆಸರಿನ ಹಿಂದೆಯೇ ಸತ್ತವಳ ವಯಸ್ಸೂ ಬಂತು, ಹುಟ್ಟಿದ ಶುಕ್ರವಾರವೂ ಬಂತು. ಗಂಡ ಹೆಂಡತಿ ಗುರುತಿಲ್ಲದ ಬೇರೆ ಊರಿಗೆ ಹೋಗಿ ನೆಲೆನಿಂತರು.

ಹೆಸರು ವಯಸ್ಸು ಹೇಗೋ ನಡೆದುಹೋಗುತ್ತಿತ್ತು. ಆದರೆ ಹುಟ್ಟಿದ ವಾರ ಸುಳ್ಳಾದರೆ ಹೇಗೆ? ನಮ್ಮಲ್ಲಿ ಮನುಷ್ಯನ ಆಯುಸ್ಸು ಆರೋಗ್ಯ ಎಲ್ಲ ಆ ವಾರದ ಗ್ರಹದ ಕೈಯಲ್ಲಿ. ಥಂದಾ ಪದೇ ಪದೇ ಹಾಸಿಗೆ ಹಿಡಿಯುತ್ತಿದ್ದಳು. ಜೋಯಿಸರು ಶುಕ್ರನಿಗೆ ಹೇಳಿದ ಶಾಂತಿ ಒಂದೂ ತಾಗುತ್ತಿರಲಿಲ್ಲ. ಯಾಕೆ ತಾಗುವುದಿಲ್ಲ ಎಂದು ಮಾ ಸ್ವೇಗೆ ಮಾತ್ರ ಗೊತ್ತಿತ್ತು. ಹೇಳಿಬಿಡು ಎಂದು ಗಂಡ ಎಷ್ಟೋ ಸಲ ಹೇಳಿದ್ದ. ಹೇಳಿದರೆ ಇರುವ ಮಗಳೂ ಕೈಬಿಟ್ಟು ಹೋದಾಳೆಂದು ಅವಳು ಬಾಯಿ ಬಿಟ್ಟಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಪಗೋಡ ಹತ್ತಿದರು. ಬಂಗಾರದ ಗೋಪುರದ ಸುತ್ತ ಎಂಟು ಮೂಲೆ, ವಾರಕ್ಕೊಂದು. ಬುಧವಾರಕ್ಕೆ ಮಾತ್ರ ಬೆಳಗಿನದೊಂದು, ಮಧ್ಯಾಹ್ನದ್ದೊಂದು. ಮೂಲೆಗಳು ಇರುವುದು ಗ್ರಹಗಳ ದಿಕ್ಕಿನಂತೆ, ವಾರಗಳ ಸಾಲಿನಂತೆ ಅಲ್ಲ. ಅವರವರು ಹುಟ್ಟಿದ ವಾರದ ಮೂಲೆಯಲ್ಲಿ ಅವರವರು ಬುದ್ಧನಿಗೆ ನೀರೆರೆಯಬೇಕು. ಕೋ ಬಾ ಥಿನ್ ಹೆಂಡತಿಯ ಮುಖವನ್ನೊಮ್ಮೆ ನೋಡಿ ತನ್ನ ಗುರುವಾರದ ಕಡೆ ನಡೆದ. ಥಂದಾ ಅಮ್ಮನ ಕೈ ಹಿಡಿದು ಶುಕ್ರವಾರದ ಮೂಲೆಗೆ ಎಳೆದುಕೊಂಡು ಹೋಗಿ ಬಟ್ಟಲು ತುಂಬಿಕೊಂಡಳು.

"ವಯಸ್ಸಿಗಿಂತ ಒಂದು ಹೆಚ್ಚಿಗೆ ಹಾಕ್ಬೇಕಲ್ವಾ ಅಮ್ಮ? ಹದಿನಾಲ್ಕು ತಾನೇ?"

ಮಾ ಸ್ವೇ ಅವಳ ಕೈ ಹಿಡಿದುಕೊಂಡಳು. ಇನ್ನೊಂದು ಜ್ವರ ಬಂದರೆ ಈ ಹುಡುಗಿ ಏಳುವುದಿಲ್ಲ ಎನ್ನುವುದೊಂದೇ ಅವಳ ತಲೆಯಲ್ಲಿದ್ದದ್ದು.

"ಹಾಕ್ಬೇಡ ಮಗಳೇ. ಇದು ನಿನ್ನ ಮೂಲೆ ಅಲ್ಲ."

ನೀರೆರೆಯಲು ಬಂದವರಿಗೆ ದಾರಿ ಬಿಟ್ಟು ಇಬ್ಬರೂ ಕಂಬದ ಪಕ್ಕ ಕೂತರು. ಮಾ ಸ್ವೇ ಒಂದನ್ನೂ ಮುಚ್ಚಿಡದೆ ಹೇಳಿದಳು. ಬಿರುಗಾಳಿ, ಜಾರಿದ ಕೈ, ವಿಹಾರ, ತಾನು ಕೊಟ್ಟ ಹೆಸರು. ಹೇಳುವಾಗ ಮಗಳ ಮುಖ ನೋಡುವ ಧೈರ್ಯ ಬರಲಿಲ್ಲ. ಥಂದಾ ಕೈಯಲ್ಲಿದ್ದ ಬಟ್ಟಲನ್ನು ತಿರುಗಿಸುತ್ತ ಕೇಳಿದಳು:

"ಅವಳು ನನಗಿಂತ ದೊಡ್ಡೋಳಾ?"

"ಹೂಂ."

"ಹಾಗಾದ್ರೆ ನಂದು ಯಾವ ಮೂಲೆ?"

"ಗೊತ್ತಿಲ್ಲ ಕಂದಾ. ಆಣೆಗೂ ಗೊತ್ತಿಲ್ಲ."

ಹುಡುಗಿ ಎದ್ದು ಹೊರಟಳು. ಕರೆಯಲು ಮಾ ಸ್ವೇ ಬಾಯಿ ತೆರೆದಳು. ಯಾವ ಹೆಸರು ಹಿಡಿದು ಕರೆಯುವುದು? ಅವಳ ಹಿಂದೆಯೇ ನಡೆದಳು. ಭಾನುವಾರದ ಮೂಲೆ ಬಂತು. ಥಂದಾ ನಿಂತು, ಒಂದು ಬಟ್ಟಲು ನೀರು ಸುರಿದು, ಕೈಮುಗಿದು ಮುಂದಕ್ಕೆ ಹೋದಳು. ಸೋಮವಾರಕ್ಕೂ ಸುರಿದಳು. ಮಂಗಳವಾರದ ಮೂಲೆಯಲ್ಲಿ ತಿರುಗಿ ನೋಡದೆಯೇ, "ಎಲ್ಲಾದಕ್ಕೂ ಹಾಕಿದ್ರೆ ನಂದೂ ಅದರಲ್ಲಿ ಬಂದೇ ಬರುತ್ತೆ" ಎಂದಳು. ಮಂಗಳವಾರ ಮಾ ಸ್ವೇಯದೇ ವಾರ. ಅವಳಿಗೆ ಅಲ್ಲಿ ನೀರೆರೆಯಬೇಕೆಂಬುದೂ ನೆನಪಾಗಲಿಲ್ಲ.

ಬುಧವಾರ, ಶನಿವಾರ ದಾಟಿ ಗುರುವಾರಕ್ಕೆ ಬಂದರು. ಅಲ್ಲಿ ಕಾಯುತ್ತಿದ್ದ ಕೋ ಬಾ ಥಿನ್‌ಗೆ ಇಬ್ಬರ ಮುಖ ನೋಡುತ್ತಲೇ ಎಲ್ಲ ತಿಳಿಯಿತು. ಅವನು ಮಗಳ ಬಟ್ಟಲಿಗೆ ತಾನೇ ನೀರು ತುಂಬಿಕೊಟ್ಟು ಜೊತೆಗೆ ಹೊರಟ. ಬುಧವಾರ ಮಧ್ಯಾಹ್ನದ ಮೂಲೆಯೂ ಮುಗಿದು, ಸುತ್ತು ಪೂರ್ತಿಯಾಗಿ ಮೂವರೂ ಮತ್ತೆ ಶುಕ್ರವಾರಕ್ಕೆ ಬಂದು ನಿಂತರು.

ಹುಡುಗಿ ತನ್ನ ಪಾಲಿನದೊಂದು ಬಟ್ಟಲು ಸುರಿದಳು. ಅಲ್ಲಿಂದ ಕದಲಲಿಲ್ಲ. ಬಟ್ಟಲನ್ನು ಮತ್ತೆ ತುಂಬಿಕೊಂಡು ತಿರುಗಿದಳು.

"ಅಕ್ಕಂಗೆ ಎಷ್ಟು ಹಾಕ್ಲಿ, ಅಮ್ಮ?"



"ನಾಲ್ಕು ತುಂಬಿತ್ತು" ಎಂದಳು ಮಾ ಸ್ವೇ.

"ಅಂದ್ರೆ ಐದು" ಎಂದು ಹುಡುಗಿ ಒಂದೊಂದೇ ಬಟ್ಟಲು ನಿಧಾನವಾಗಿ ಸುರಿಯತೊಡಗಿದಳು. ದಿನಾ ಆ ಹೆಸರು ಕೂಗಿದಾಗಲೆಲ್ಲ ಓ ಎನ್ನುವ ಮಗಳೊಬ್ಬಳು ಮನೆಯಲ್ಲಿ ಇದ್ದುದರಿಂದ, ಸತ್ತ ಥಂದಾಳಿಗಾಗಿ ಅಳುವುದು ಮಾ ಸ್ವೇಗೆ ಇಷ್ಟು ವರ್ಷ ಆಗಿಯೇ ಇರಲಿಲ್ಲ. ಈಗ ಅವಳು ತಣ್ಣನೆಯ ಅಮೃತಶಿಲೆಯ ಮೇಲೆ ಕುಸಿದು ಕೂತು, ಸುತ್ತ ಜನರಿದ್ದಾರೆ ಎನ್ನುವುದನ್ನೂ ಮರೆತು, ಆ ಹೆಸರು ಹಿಡಿದು ಅತ್ತಳು.