ಗುಂಡಿಯಕ್ಕನ ಮನೆಗೆ ಗೊಂಚಲು ದೀಪ

"ಕತ್ತೆ ಮುಂಡೇವಾ, ನಿಧಾನಕ್ಕೆ ಎತ್ತ್ರೋ. ಒಂದು ಗಾಜಿನ ಹರಳು ಉದುರಿದ್ರೂ ನಿಮ್ಮ ಚರ್ಮ ಸುಲಿದು ಚಪ್ಪಲಿ ಹೊಲಿಸ್ತೀನಿ."

ಹೀಗೆ ಬಯ್ಯುತ್ತಿದ್ದವನು ಪೀಪಿ ಮ್ಯಾನೇಜರು. ಅಂಗಿ ಕಾರ್ಖಾನೆಯಲ್ಲಿ ಹೆಂಗಸರು ಕಕ್ಕಸಿಗೆ ಹೋಗಿ ಬರುವುದು ಕೊಂಚ ತಡವಾದರೂ ಪೀಪಿ ಊದುತ್ತಿದ್ದದ್ದರಿಂದ ಅವನಿಗೆ ಆ ಹೆಸರು. ಬಯ್ಯಿಸಿಕೊಳ್ಳುತ್ತಿದ್ದವರು ನಾಲ್ವರು ಹಮಾಲರು. ಅವರ ಹೆಗಲ ಮೇಲಿದ್ದದ್ದು ಕಾರ್ಖಾನೆಯ ಧಣಿಗಳ ಬಂಗಲೆಯ ಗೊಂಚಲು ದೀಪ. ಅದು ಹೋಗಬೇಕಾಗಿದ್ದದ್ದು ಗುಂಡಿಯಕ್ಕನ ಒಂದೇ ಕೋಣೆಯ ಮನೆಯೊಳಕ್ಕೆ.

ದೀಪ ದೊಡ್ಡದು, ಬಾಗಿಲು ಚಿಕ್ಕದು. ನೇರವಾಗಿ ತೂರಿಸಿ ನೋಡಿದರು, ಅಡ್ಡಡ್ಡ ತೂರಿಸಿ ನೋಡಿದರು. ಕೊನೆಗೆ ಇಬ್ಬರು ಒಳಗೆ ಹೋಗಿ ಎಳೆದು, ಇಬ್ಬರು ಹೊರಗಿನಿಂದ ನೂಕಿ, ಕಷ್ಟದ ಹೆರಿಗೆಯನ್ನು ತಿರುಗಾಮುರುಗಾ ಮಾಡಿದಂತೆ ಅದನ್ನು ಒಳಗೆ ಸೇರಿಸಿದರು. ತೊಲೆಗೆ ಕಟ್ಟಿದಾಗ ಅದರ ತುದಿ ನೆಲದಿಂದ ಗೇಣು ಮೇಲೆ ಬಂದು ನಿಂತಿತು. ಅದರ ಹಿಂದೆಯೇ ಕರೆಂಟಿನಲ್ಲಿ ಕುಲುಕಿ ಮೈ ಒತ್ತುವ ಕುರ್ಚಿ ಬಂತು. ಇನ್ನು ಗುಂಡಿಯಕ್ಕ, ಅವಳ ಅತ್ತೆ, ಇಬ್ಬರು ಹೆಣ್ಣುಮಕ್ಕಳು ಗೋಡೆಗೆ ಬೆನ್ನು ಉಜ್ಜಿಕೊಂಡೇ ಓಡಾಡಬೇಕಾಯಿತು.

ಗುಂಡಿಯಕ್ಕ ಅದೇ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವವಳು. ಗಂಡ ತೀರಿಹೋದ ಮೇಲೆ ಆ ಸೂಜಿಯೇ ಮನೆ ನಡೆಸಿತ್ತು. ಈಗ ದೇಶದ ವ್ಯಾಪಾರವೇ ಮಕಾಡೆ ಮಲಗಿತ್ತು. ಅಂಗಿ ಕೊಳ್ಳುವವರಿಲ್ಲದೆ ಕಾರ್ಖಾನೆಗೆ ಬೀಗ ಬಿದ್ದು, ಸಂಬಳ ನಿಂತು, ಕೇರಿಯ ಒಲೆಗಳು ಒಂದು ಹೊತ್ತಿಗೆ ಇಳಿದಿದ್ದವು. ಸರ್ಕಾರ ಕಣ್ಣು ಬಿಟ್ಟು ಎರಡು ನೆರವು ಸಾರಿತು. ಕೂಲಿಯವರ ಮನೆಗೆ ಅಕ್ಕಿ, ಬೇಳೆ, ಎಣ್ಣೆ. ಕಾರ್ಖಾನೆಯವರಿಗೆ ಕೋಟಿಗಟ್ಟಲೆ ಹಣ. ಎರಡಕ್ಕೂ ಅಧಿಕಾರಿಗಳು ಮನೆಗೆ ಬಂದು, ಗತಿಯಿಲ್ಲದಿರುವುದನ್ನು ಕಣ್ಣಾರೆ ನೋಡಬೇಕು. ಗುಂಡಿಯಕ್ಕನ ಮನೆಯಲ್ಲಿ ಬಾಗಿಲು ತೆಗೆದರೆ ಸಾಕು, ಕಾಣುತ್ತಿತ್ತು. ಧಣಿಗಳಿಗೆ ಮಾತ್ರ ಗತಿಯಿಲ್ಲದವರಾಗುವುದಕ್ಕೆ ಬಹಳ ಖರ್ಚಾಯಿತು. ಆಳು, ಲಾರಿ, ಹಗ್ಗ, ಗೋಣಿತಾಟು ಎಲ್ಲ ಬೇಕಾಯಿತು. ಬಂಗಲೆಯ ಸಾಮಾನೆಲ್ಲ ಕೇರಿಯ ಮನೆಮನೆಗೆ ಹಂಚಿಹೋಯಿತು. ಇಟ್ಟುಕೊಂಡವರನ್ನು ಬೀಗ ತೆಗೆದಾಗ ಮೊದಲು ಕರೆಯುತ್ತೇವೆ, ಬೇಡವೆಂದವರು ಆ ಕಡೆ ತಲೆಹಾಕುವುದೇ ಬೇಡ ಎಂದು ಪೀಪಿ ಹೇಳಿದ್ದ. ಬೇಡವೆನ್ನುವ ಧೈರ್ಯ ಯಾರಿಗೂ ಇರಲಿಲ್ಲ, ಗುಂಡಿಯಕ್ಕನಿಗೂ ಇರಲಿಲ್ಲ.

ತಪಾಸಣೆಯ ಹಿಂದಿನ ದಿನ ಧಣಿಗಳು ಅವಳನ್ನು ಬಂಗಲೆಗೆ ಕರೆಸಿದರು. ಹಜಾರದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಏನೂ ಇರಲಿಲ್ಲ. ಅದೂ ಕಾವಲುಗಾರನದು. ಧಣಿಗಳು ಒಂದು ರೇಷ್ಮೆಯಂಥ ಅಂಗಿ ಕೊಟ್ಟು, ಇದನ್ನು ಬಡವರ ಅಂಗಿ ಮಾಡಿಕೊಡು ಎಂದರು.

"ಹರಿದಿದ್ದು ಕಾಣ್ಬೇಕು. ಆದ್ರೆ ಮೈ ಕಾಣ್ಬಾರ್ದು," ಎಂದೂ ಹೇಳಿದರು.

ಒಂದು ಗುಂಡಿ ಸಡಿಲವಾದರೆ ದಿನದ ಕೂಲಿ ಕಳೆದುಕೊಂಡವಳು ಗುಂಡಿಯಕ್ಕ. ಈಗ ಧಣಿಗಳ ಎದುರಿಗೇ ಕೂತು ಎರಡು ಗುಂಡಿ ಕಿತ್ತಳು, ಮೊಣಕೈಯನ್ನು ಒರಟು ಗೋಡೆಗೆ ತಿಕ್ಕಿ ಸವೆಸಿದಳು. ಕೆಲಸ ಮುಗಿದಾಗ ಅವಳಿಗೇ ಸ್ವಲ್ಪ ಖುಷಿಯೂ ಆಯಿತು. ಧಣಿಗಳು ಅದನ್ನು ತೊಟ್ಟು, ಕಿಟಕಿಯ ಗಾಜನ್ನೇ ಕನ್ನಡಿ ಮಾಡಿಕೊಂಡು ಬಡವರಂತೆ ನಿಲ್ಲುವುದನ್ನು ಕಲಿಯತೊಡಗಿದರು. ಬೆನ್ನು ಬಗ್ಗಿತು, ಕೈ ಮುಗಿಯಿತು, ಮುಖವೂ ಹೇಗೋ ಬಾಡಿತು. ಹೊಟ್ಟೆ ಮಾತ್ರ ಮಾತು ಕೇಳಲಿಲ್ಲ. ಬೇಸತ್ತು ಅವಳನ್ನೇ ಕೇಳಿದರು.

"ನೀವೆಲ್ಲ ಹೆಂಗಮ್ಮಾ ನಿಂತ್ಕೋತೀರ?"

"ನಾವು ನಿಂತ್ಕೊಳಲ್ಲ ಧಣಿ. ನಿಲ್ಲಿಸ್ತಾರೆ."

ಅಂದು ಸಂಜೆ ಟೀ ಅಂಗಡಿಯ ಟೀವಿಯಲ್ಲಿ ಧಣಿಗಳು ಅತ್ತರು. ನನ್ನ ಚಿಂತೆ ನನಗಿಲ್ಲ, ಕೆಲಸಗಾರರು ನನ್ನ ಮಕ್ಕಳು, ಬೇಕಿದ್ದರೆ ಅವರ ಗುಡಿಸಲಿಗೆ ಬಂದು ನೋಡಿ ಎಂದು ಎದೆ ಬಡಿದುಕೊಂಡರು. ಗುಂಡಿಯಕ್ಕನ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪಾಪ, ಕೂಸು ಸೊರಗಿ ಕಡ್ಡಿಯಾಗಿದೆ ಎಂದಳು. ಕೇರಿಯಲ್ಲಿ ಅರ್ಧ ಜನ ಅವಳ ಕಡೆಗಿದ್ದರು. ಸಾವಿರ ಜನಕ್ಕೆ ಅನ್ನ ಹಾಕಿದ ಕೈ ಅದು, ಈಗ ಸರ್ಕಾರ ಹಿಡಿಯದಿದ್ದರೆ ಹೇಗೆ ಎಂದರು. ಉಳಿದರ್ಧ ಜನ ಅನ್ನ ಹಾಕಿದ್ದು ಯಾರು, ಉಂಡದ್ದು ಯಾರು ಎಂದು ಜಗಳ ತೆಗೆದರು.

"ಅವ್ರು ಬಿದ್ರೆ ನಾವೂ ಬೀಳ್ತೀವಿ ಕಣ್ರೋ," ಎಂದ ಹಿರಿಯ ಹಮಾಲ.

"ಅವ್ರು ಎದ್ದಾಗ ನಮ್ಮನ್ನ ಎಬ್ಬಿಸಿದ್ರಾ?" ಎಂದಳು ಇಸ್ತ್ರಿ ಹಾಕುವವಳು.

ಗುಂಡಿಯಕ್ಕ ಯಾವ ಕಡೆಗೂ ಸೇರಲಿಲ್ಲ. ಕೇರಿಯ ತಪಾಸಣೆ ಮುಂದಿನ ವಾರ, ಅಷ್ಟರಲ್ಲಿ ಈ ದೀಪ ಮನೆಯಿಂದ ತೊಲಗಿದರೆ ಸಾಕು, ಅಕ್ಕಿ ಬಂದರೆ ಮಕ್ಕಳು ಎರಡು ಹೊತ್ತು ಉಣ್ಣುತ್ತಾರೆ ಎಂಬುದೊಂದೇ ಅವಳ ತಲೆಯಲ್ಲಿತ್ತು.

ಮರುದಿನ ತಪಾಸಣೆಯ ಮೇಡಂ ಬಂಗಲೆಗೆ ಬಂದರು. ಬೋಳು ಹಜಾರ ನೋಡಿ ಅವರ ಕರುಳು ಚುರ್ರೆಂದಿತು. ಧಣಿಗಳು ಟೀವಿಯವರ ಮುಂದೆ ಮತ್ತೆ ಮಕ್ಕಳ ಮಾತು ತೆಗೆದರು, ಅವರ ಗುಡಿಸಲು ನೋಡಿ ಎಂದರು. ಸರಿ, ಪೆಟ್ರೋಲೂ ಉಳಿಯುತ್ತದೆ, ಕೇರಿಯ ತಪಾಸಣೆಯನ್ನೂ ಇವತ್ತೇ ಮುಗಿಸಿಬಿಡೋಣ ಎಂದು ಮೇಡಂ ಧಣಿಗಳನ್ನೂ ಟೀವಿಯವರನ್ನೂ ಕರೆದುಕೊಂಡು ಜೀಪು ಹತ್ತಿದರು. ಧಣಿಗಳ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಪೀಪಿ ಕೇರಿಯ ಕಡೆಗೆ ಓಡಿದ. ಆದರೆ ಜೀಪಿಗೆ ನಾಲ್ಕು ಚಕ್ರ, ಅವನಿಗೆ ಎರಡೇ ಕಾಲು.

ಮೊದಲು ಸಿಕ್ಕಿದ್ದೇ ಗುಂಡಿಯಕ್ಕನ ಮನೆ. ಮೇಡಂ ಒಳಗೆ ಕಾಲಿಟ್ಟವರು ಹಣೆಗೆ ಗಾಜು ತಗುಲಿಸಿಕೊಂಡು ನಿಂತರು. ದೀಪದ ಆಚೆ ಮೈ ಒತ್ತುವ ಕುರ್ಚಿಯಲ್ಲಿ ಅತ್ತೆ ಅಡಿಯಿಂದ ಮುಡಿಯವರೆಗೆ ಕುಲುಕುತ್ತಿದ್ದಳು.

"ಬ-ಬ-ಬನ್ನಿ ತಾ-ತಾ-ತಾಯಿ. ಕೂ-ಕೂ-ಕೂತ್ಕೊಳ್ಳಿ," ಎಂದಳು. ಆದರೆ ಏಳಲಿಲ್ಲ.

ಇದೆಲ್ಲ ಯಾರದು ಎಂದು ಮೇಡಂ ಕೇಳಿದರು. ಗುಂಡಿಯಕ್ಕ ಲೆಕ್ಕ ಹಾಕಿದಳು. ಧಣಿಗಳದು ಎಂದರೆ ಕೆಲಸ ಹೋಯಿತು, ತನ್ನದು ಎಂದರೆ ಅಕ್ಕಿ ಹೋಯಿತು. ಅವಳು ಬಾಗಿಲಲ್ಲಿ ನಿಂತಿದ್ದ ಧಣಿಗಳನ್ನು ನೋಡಿದಳು.

"ಅವ್ರನ್ನೇ ಕೇಳಿ ಮೇಡಂ. ಅವ್ರಿಗೆ ಗೊತ್ತು."

ಧಣಿಗಳು ಒಮ್ಮೆ ದೀಪವನ್ನು ನೋಡಿದರು, ಒಮ್ಮೆ ಕ್ಯಾಮೆರಾ ನೋಡಿದರು. ಬಿಸಿ ತುಪ್ಪ ಬಾಯಲ್ಲಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಆದರೆ ಸಾಮಾನ್ಯರೇ ಅವರು? ನುಂಗಿಯೇಬಿಟ್ಟರು.

"ಅವಳದೇ ಮೇಡಂ. ಈ ಕೇರೀಲಿ ಏನೇನಿದೆಯೋ ಎಲ್ಲಾ ಅವರದೇ. ನನ್ನ ಮಕ್ಕಳು ಚೆನ್ನಾಗಿರ್ಲಿ ಅಂತ ಕೈ ಬಿಚ್ಚಿ ಸಂಬಳ ಕೊಟ್ಟೆ. ಅದಕ್ಕೇ ನಾನು ಹಿಂಗಾದೆ."

ಟೀವಿಯವನು ಗದ್ಗದಿತನಾದ. ಮೇಡಂ ಗುಂಡಿಯಕ್ಕನ ಕಡೆ ತಿರುಗಿ ಉಗಿದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ, ನಿಮ್ಮಂಥವರಿಂದಲೇ ದೇಶ ಹಾಳಾದದ್ದು, ಅನ್ನದಾತರನ್ನು ಬೀದಿಗೆ ತಂದು ಕುಲುಕುವ ಕುರ್ಚಿಯಲ್ಲಿ ಕೂರುತ್ತೀರಿ, ನಾಚಿಕೆಯಾಗಬೇಕು ಎಂದರು. ಅಕ್ಕಿ ಇಲ್ಲ ಎಂದರು. ಪಕ್ಕದ ಮನೆಯಲ್ಲಿ ಬಾಗಿಲಿಗಿಂತ ಎತ್ತರದ ಫ್ರಿಜ್ಜು ಸಿಕ್ಕಿತು, ಅವರಿಗೂ ಇಲ್ಲ. ಇಸ್ತ್ರಿಯವಳ ಮನೆಯಲ್ಲಿ ಸ್ನಾನದ ತೊಟ್ಟಿಯೊಳಗೆ ಧಣಿಗಳ ಬಿಳಿ ನಾಯಿ ಮಲಗಿತ್ತು, ಅವಳಿಗೂ ಇಲ್ಲ. ಕೇರಿಗೆ ಕೇರಿಯೇ ಶ್ರೀಮಂತವಾಗಿ, ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಯಿತು. ಧಣಿಗಳ ನೆರವು ಅಲ್ಲೇ ಮಂಜೂರಾಯಿತು.

ಆ ಸಂಜೆ ಗುಂಡಿಯಕ್ಕ ಅತ್ತಳು. ಮಕ್ಕಳಿಗೆ ಗಂಜಿಯ ತಿಳಿ ಬಸಿದುಕೊಟ್ಟು, ದೀಪಕ್ಕೆ ಬೆನ್ನು ಹಾಕಿ ಕೂತು ಬಿಕ್ಕಿಬಿಕ್ಕಿ ಅತ್ತಳು. ಅಕ್ಕಿ ಹೋದದ್ದಕ್ಕಿಂತ, ಕುಲುಕುವ ಕುರ್ಚಿಯವಳು ಎಂದು ಊರೆದುರು ಅನ್ನಿಸಿಕೊಂಡದ್ದು ಅವಳ ಹೊಟ್ಟೆ ಉರಿಸುತ್ತಿತ್ತು. ಆಮೇಲೆ ಧಣಿಗಳ ಮಾತುಗಳನ್ನೇ ಮತ್ತೆ ಮತ್ತೆ ಮೆಲುಕು ಹಾಕಿದಳು. ಅಳು ನಿಂತಿತು.

ಬೆಳಿಗ್ಗೆ ಪೀಪಿ ಲಾರಿ ತಂದ. ಗುಂಡಿಯಕ್ಕ ಹೊಸ್ತಿಲಿಗೆ ಅಡ್ಡ ಕೂತಿದ್ದಳು.

"ಏನು ಒಯ್ಯೋಕೆ ಬಂದ್ರಿ?"

"ಏಳೇ ಬೋಸುಡಿ. ಧಣಿಗಳ ದೀಪ, ಕುರ್ಚಿ."

"ನಿಮ್ಮ ಧಣಿಗಳ್ದು ಇಲ್ಲಿ ಏನೂ ಇಲ್ಲ. ನಂದು ಅಂತ ಅವ್ರೇ ಹೇಳಿದಾರೆ. ಟೀವೀಲಿ ದೇಶವೆಲ್ಲಾ ಕೇಳಿದೆ. ಅವ್ರು ಸುಳ್ಳು ಹೇಳಿದ್ರು ಅಂತೀಯಾ? ಬಾಯಿ ತೊಳ್ಕೊಂಡು ಬಾ ಹೋಗು, ಹಲ್ಕಟ್."

ಪೀಪಿ ಇಂಗು ತಿಂದ ಮಂಗನಂತಾದ. ಪಕ್ಕದ ಮನೆಯವರು ಫ್ರಿಜ್ಜನ್ನು ಐಸ್ ಮಾರುವವನಿಗೆ ಆಗಲೇ ದಾಟಿಸಿದ್ದರು. ಪೀಪಿ ಹೋಗಿ ಧಣಿಗಳನ್ನೇ ಕರೆತಂದ. ಪೊಲೀಸರನ್ನು ಕರೆಯುವಂತಿರಲಿಲ್ಲ. ಕರೆದರೆ ಕೋಟಿಗಳು ಹೋಗುತ್ತಿದ್ದವು.

ಧಣಿಗಳು ಬರುವಷ್ಟರಲ್ಲಿ ಗುಂಡಿಯಕ್ಕ ದೀಪವನ್ನು ಬಿಚ್ಚತೊಡಗಿದ್ದಳು. ಪ್ರತಿ ಹರಳಿಗೂ ಒಂದು ತೂತಿತ್ತು, ತೂತಿನಲ್ಲಿ ತಂತಿಯಿತ್ತು. ಮದುವೆ ಬಟ್ಟೆ ಹೊಲಿಯುವ ಟೈಲರು ಇಂಥವನ್ನು ಅಂಚಿಗೆ ಹಚ್ಚುತ್ತಾನೆ, ಬದಲಿಗೆ ಅಕ್ಕಿಯ ಕಾಸು ಕೊಡುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಒಬ್ಬಳೇ ಇಟ್ಟುಕೊಳ್ಳಲಿಲ್ಲ. ಕೇರಿಯ ಹೆಂಗಸರು ಸೆರಗೊಡ್ಡಿ ಸಾಲಾಗಿ ನಿಂತಿದ್ದರು, ಅವಳು ಕತ್ತರಿಸಿ ಕತ್ತರಿಸಿ ಹಾಕುತ್ತಿದ್ದಳು.

"ಅಯ್ಯೋ, ಅದು ನಂದು ಕಣಮ್ಮಾ," ಎಂದರು ಧಣಿಗಳು. ದನಿ ನಿಜವಾಗಿಯೂ ನಡುಗುತ್ತಿತ್ತು.

"ಆ ಮಾತು ಮೇಡಂ ಎದುರಿಗೆ ಹೇಳಿ. ಕರೀಲಾ?"

ಧಣಿಗಳು ತಗ್ಗಿದ ದನಿಯಲ್ಲಿ, ನಡುವಿನ ಆ ದೊಡ್ಡ ಹರಳನ್ನಾದರೂ ಕೊಡು, ಹೆಂಡತಿ ಮನೆಗೆ ಸೇರಿಸುವುದಿಲ್ಲ ಎಂದು ಗೋಗರೆದರು. ಒಳಗೆ ಕುರ್ಚಿಯಲ್ಲಿ ಕುಲುಕುತ್ತಿದ್ದ ಅತ್ತೆಯ ಕರುಳು ಮತ್ತೆ ಕರಗಿತು.

"ಪಾ-ಪಾ-ಪಾಪ ಕಣೆ. ಒಂದೆ-ಒಂದೆರಡು ಅವ್ರಿಗೂ ಕೊಡೆ. ಕ-ಕಷ್ಟದಲ್ಲಿದಾರೆ."

ಗುಂಡಿಯಕ್ಕ ಕತ್ತರಿಯಿಂದ ಕಣ್ಣೆತ್ತಲಿಲ್ಲ.

"ಕೊಡೋಣ ಅತ್ತೆ. ಸಾಲಲ್ಲಿ ಬರ್ಲಿ."

ಧಣಿಗಳು ಆಚೆ ಈಚೆ ನೋಡಿದರು. ಟೀವಿಯವನು ಇರಲಿಲ್ಲ. ಮೆಲ್ಲಗೆ ಹೋಗಿ ಸಾಲಿನ ಕೊನೆಯಲ್ಲಿ ಇಸ್ತ್ರಿಯವಳ ಹಿಂದೆ ನಿಂತರು. ಅವಳು ತಿರುಗಿ ಮೇಲಿಂದ ಕೆಳಗೆ ಒಮ್ಮೆ ನೋಡಿದಳು.

"ತಳ್ಬೇಡ್ರೀ," ಎಂದಳು. "ಎಲ್ರಿಗೂ ಹಸಿವಿದೆ."